ಕೂಲರ್ ತಂದ ಕಥೆ

ಹೈದರಾಬಾದಿನಲ್ಲಿ ಮಾರ್ಚ್ ತಿಂಗಳಲ್ಲಿ ಯಾರಾದರೂ "ಕೂಲರ್" ಅಂದರೆ ಅರ್ಥ ಒಂದೇ: ಕಿಟಕಿಗೆ ಆನಿಸಿ ನಿಲ್ಲಿಸುವ, ನೀರು ತುಂಬಿಸುವ, ಗುಡುಗುಡು ಅನ್ನುವ ಡಬ್ಬ. 28 ವರ್ಷದಿಂದ ಇಲ್ಲಿರುವ ನನಗೂ ಅಷ್ಟೇ ಗೊತ್ತಿದ್ದದ್ದು. ಹಾಗಾಗಿ ಊಟದ ಹೊತ್ತಿಗೆ ಮಗಳು "ಅಪ್ಪಾ, ಯಾವ ಕೂಲರ್ ಇರೋದು ತಗೊಳ್ಳೋಣ?" ಅಂದಾಗ ರಾಯಚೂರಿನ ನಮ್ಮ ಅವ್ವನಿಗೆ ಖುಷಿಯೋ ಖುಷಿ. "ಹಳೇದು ಭಾಳ ಸಪ್ಪಳ ಮಾಡ್ತದ, ಹೊಸಾದು ತರ್ರಿ" ಎಂದಳು. ಮಗಳು ಕೇಳಿದ್ದು ಗ್ರಾಫಿಕ್ಸ್ ಕಾರ್ಡಿನ ಕೂಲರ್ ಬಗ್ಗೆ!

ಹಿನ್ನೆಲೆ ಹೇಳಿಬಿಡುತ್ತೇನೆ. ಮಗಳು ನನ್ನಂತೆ ಬಿಕಾಂ. ಬ್ಯಾಂಕ್ ಪರೀಕ್ಷೆ ಬರಿ ಅಂದರೆ ಒಲ್ಲೆ ಅಂದಳು. ಬ್ಲೆಂಡರ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ತ್ರೀಡಿ ಚಿತ್ರ ಮಾಡುವ ಹುಚ್ಚು ಅವಳಿಗೆ. ಆರು ತಿಂಗಳು ಮನೆಯಲ್ಲಿ ಮಾತು ಕಡಿಮೆಯಾಯಿತು. ಕೊನೆಗೆ ನಾನೇ ಇಳಿದು ಬಂದೆ: ಒಂದು ವರ್ಷದ ಗಡುವು, 20,000 ರೂಪಾಯಿ ಮಂಜೂರು. ಆದರೆ ಮೂರು ಕೊಟೇಶನ್ ಬೇಕು ಅಂದೆ. ಅಭ್ಯಾಸಬಲ.

ತೊಡಕು ಎರಡಿದ್ದವು. ನಮ್ಮದು ಹಳೆಯ ಆಫೀಸ್ ಕಂಪ್ಯೂಟರ್. ಪವರ್ ಸಪ್ಲೈ ಚಿಕ್ಕದು, ಕಾರ್ಡಿಗೆಂದು ಬೇರೆ ವೈರ್ ಇಲ್ಲ. ಮದರ್‌ಬೋರ್ಡಿನ ಸ್ಲಾಟ್ ಕೊಡುವ 75 ವ್ಯಾಟ್‌ನಲ್ಲೇ ಸಂಸಾರ ಸಾಗಬೇಕು. ಎರಡನೆಯದು, ಅದು ಇರುವುದು ಮಗಳೂ ಅವ್ವನೂ ಮಲಗುವ ಕೋಣೆಯಲ್ಲಿ. ಅವ್ವನಿಗೆ 82. ಒಮ್ಮೆ ನಿದ್ದೆ ಹಾರಿದರೆ ಬೆಳಗಿನ ತನಕ ಹೊರಳಾಟ, ಮರುದಿನ ಬಿಪಿ ಏರುಪೇರು. ಮಗಳ ಕೆಲಸವೋ, ರಾತ್ರಿಯದೇ.

ಎರಡನೇ ಶನಿವಾರ ಸಿಕಂದರಾಬಾದಿನ ಪಾರ್ಕ್‌ಲೇನಿಗೆ, ಎಲ್ಲರೂ ಸಿಟಿಸಿ ಎನ್ನುವ ಚೆನಾಯ್ ಟ್ರೇಡ್ ಸೆಂಟರಿಗೆ ಹೋದೆವು. ಅಂಗಡಿಯ ಹುಡುಗ ಮೊದಲು ತೋರಿಸಿದ್ದು ಫ್ಯಾನೇ ಇಲ್ಲದ ಜಿಟಿ 1030. ಬರೀ ಅಲ್ಯೂಮಿನಿಯಂ ರೆಕ್ಕೆಗಳು, ಸದ್ದೇ ಇಲ್ಲ. ನಾನು ಆಗಲೇ ಜೇಬಿಗೆ ಕೈ ಹಾಕಿದ್ದೆ. ಮಗಳು ತಡೆದಳು; 2 ಜಿಬಿ ಮೆಮೊರಿಯಲ್ಲಿ ಅವಳ ಚಿತ್ರಗಳು ಹಿಡಿಸುವುದಿಲ್ಲವಂತೆ.

ಎರಡನೆಯದು ಸೆಕೆಂಡ್ ಹ್ಯಾಂಡ್, ಬ್ಲೋವರ್ ಮಾದರಿ. ಒಂದೇ ಉರುಳೆಯಂಥ ಫ್ಯಾನು, ಮೇಲೆ ಮುಚ್ಚಿದ ಕವಚ. ಬಿಸಿಗಾಳಿಯನ್ನು ಕ್ಯಾಬಿನೆಟ್ಟಿನ ಹಿಂದಿನಿಂದ ಸೀದಾ ಹೊರಗೆ ತಳ್ಳುತ್ತದೆ. ಯೋಚನೆ ಒಳ್ಳೆಯದೇ. ಆದರೆ ಹುಡುಗ ಚಾಲೂ ಮಾಡಿ ತೋರಿಸಿದಾಗ ಪಕ್ಕದ ಅಂಗಡಿಯವರೂ ತಿರುಗಿ ನೋಡಿದರು, ಥೇಟ್ ಮಿಕ್ಸರ್! ಮೇಲಾಗಿ ಬೇರೆ ಪವರ್ ವೈರ್ ಬೇಕು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ನಾಣ್ಯದ ಮೈನಿಂಗ್ ನಿಂತ ಮೇಲೆ, ಹಗಲೂ ರಾತ್ರಿ ದುಡಿದ ಕಾರ್ಡುಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಂದಿದ್ದವು. ಇದು ಅದರಲ್ಲೊಂದೋ ಏನೋ. ಹಳೆಯ ಗಾಡಿಗೆ ಸಾಲ ಕೊಡುವಾಗ ಇಂಥ ಅನುಮಾನ ನನಗೆ ತಾನಾಗೇ ಬರುತ್ತದೆ.

"ಟೆನ್ಶನ್ ನಕ್ಕೋ ಅಂಕಲ್" ಅಂತ ಹುಡುಗ ಮೂರನೆಯದನ್ನು ತೆಗೆದ. ಆರ್‌ಟಿಎಕ್ಸ್ 3050, 2024ರಲ್ಲಿ ಬಂದ 6 ಜಿಬಿಯದು. 70 ವ್ಯಾಟ್ ಸಾಕು, ವೈರ್ ಬೇಡ. ಎರಡು ತೆರೆದ ಫ್ಯಾನು, ಮೆಲ್ಲಗೆ ತಿರುಗುತ್ತವೆ, ಕೆಲಸವಿಲ್ಲದಾಗ ಪೂರ್ತಿ ನಿಲ್ಲುತ್ತವೆ. ಅದೇ ಆಯಿತು.

ಮೂರು ದಿನ ಎಲ್ಲಾ ಚೆನ್ನ. ನಾಲ್ಕನೇ ರಾತ್ರಿ ಕಾರ್ಡಿನ ಬಿಸಿ 83 ಡಿಗ್ರಿ, ಫ್ಯಾನುಗಳು ಚೀರಾಡುತ್ತಿವೆ, ಅವ್ವ ಎದ್ದು ಕೂತಿದ್ದಾಳೆ. ಮಗಳ ಮುಖ ಸಣ್ಣಗಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಗೊಣಗಿದಳು, ಅದೂ ತನ್ನ ಕೂಲರಿನ ಬಗ್ಗೆ: "ಆ ಕಡೆ ಕಿಡಕಿ ಯಾಕ ಹಾಕೀರಿ? ಗಾಳಿ ಹೊರಗ ಹೋಗ್ಲಿಕ್ಕೆ ಹಾದಿ ಇಲ್ಲಂದ್ರ ಕೂಲರ್ ಹಚ್ಚಿ ಏನ್ ಬಂತು?"

ಮಗಳೂ ನಾನೂ ಮುಖ ಮುಖ ನೋಡಿಕೊಂಡೆವು. ತೆರೆದ ಫ್ಯಾನಿನ ಕಾರ್ಡು ಬಿಸಿಯನ್ನು ಹೊರಗೆ ಹಾಕುವುದಿಲ್ಲ, ಡಬ್ಬದೊಳಗೇ ಚೆಲ್ಲುತ್ತದೆ. ನಮ್ಮ ಡಬ್ಬದ ಹಿಂಬದಿಯಲ್ಲಿ ಫ್ಯಾನ್ ಕೂರಿಸುವ ಜಾಗ ಖಾಲಿಯೇ ಇತ್ತು! ಮರುದಿನ ಬ್ಯಾಂಕಿನಿಂದ ಬರುತ್ತಾ ಒಂದು ಸಣ್ಣ ಎಕ್ಸಾಸ್ಟ್ ಫ್ಯಾನ್ ತಂದೆ. ಗುಡಿಸುವಾಗ ಡಬ್ಬದೊಳಗಿಂದ ಒಂದು ಮುಷ್ಟಿ ಧೂಳು ಸಿಕ್ಕಿತು.

ಈಗ ಬಿಸಿ 72ರ ಆಸುಪಾಸು. ಅವ್ವ ಗೊರಕೆ ಹೊಡೆಯುತ್ತಾಳೆ. ಗಡುವಿನಲ್ಲಿ ಇನ್ನೂ ಏಳು ತಿಂಗಳಿದೆ. ರಾತ್ರಿ ನೀರು ಕುಡಿಯಲು ಎದ್ದಾಗ ಮಗಳ ಹೆಗಲ ಮೇಲಿಂದ ಬಗ್ಗಿ ಒಮ್ಮೆ ಆ ಅಂಕಿ ನೋಡಿ ಬರುತ್ತೇನೆ. ಚಿತ್ರ ನೋಡಲು ಬಂದೆ ಅಂತ ಅವಳು ತಿಳಿದಿದ್ದಾಳೆ. ಈಚೆಗೆ ಅದನ್ನೂ ನೋಡುತ್ತೇನೆ.