ಕಾಗೋಡಿನ ಕೊಳಗ

ಜೋಗದ ಜಲಪಾತವನ್ನು ನೋಡಲು ಹೊರಟ ಪ್ರವಾಸಿಗಳು ಸಾಗರದಲ್ಲಿ ಕಾಫಿ ಕುಡಿದು, ಗುಡಿಗಾರರ ಕೈಕೆಲಸದ ಒಂದೆರಡು ಗಂಧದ ಬೊಂಬೆಗಳನ್ನು ಕೊಂಡು ಮುಂದೆ ಸಾಗುವುದೇ ವಾಡಿಕೆ. ಸಮೀಪದಲ್ಲಿಯೇ ಇರುವ ಕಾಗೋಡಿನತ್ತ ತಿರುಗುವವರು ವಿರಳ. ಅಲ್ಲಿ ನೋಡುವುದಾದರೂ ಏನಿದೆ? ಹೆಂಚಿನ ಮನೆಗಳು, ಅಡಕೆಯ ತೋಟ, ಭತ್ತದ ಗದ್ದೆ. ಮಲೆನಾಡಿನಲ್ಲಿ ಇಂಥ ಹಳ್ಳಿಗಳು ನೂರಾರು. ಆದರೆ ಕನ್ನಡನಾಡಿನಲ್ಲಿ ನೆಲವು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದ ಕಥೆಯನ್ನು ತಿಳಿಯಬೇಕೆನ್ನುವವರು ಈ ಗದ್ದೆಯ ಬದುವಿನ ಮೇಲೆ ಒಂದಿಷ್ಟು ಹೊತ್ತು ನಿಲ್ಲಲೇಬೇಕು.

ಜಗಳ ಹತ್ತಿದ್ದು ಕೊಳಗದಿಂದ. ಕೊಳಗವೆಂದರೆ ಭತ್ತ ಅಳೆಯುವ ಪಾತ್ರೆ; ಪಟ್ಟಣದ ಮಕ್ಕಳು ಅದನ್ನು ಕಂಡಿರಲಾರರು. ನೆಲ ಒಡೆಯರದು, ದುಡಿಮೆ ಗೇಣಿದಾರನದು. ಸುಗ್ಗಿಯಲ್ಲಿ ಗೇಣಿಯ ಭತ್ತವನ್ನು ಅಳೆದುಕೊಳ್ಳುವ ಒಡೆಯರ ಕೊಳಗವು ಸರಕಾರಿ ಅಳತೆಯದಕ್ಕಿಂತ ದೊಡ್ಡದಾಗಿರುತ್ತಿತ್ತು. ಕೊಳಗಕ್ಕೆ ನಾಲ್ಕು ಹಿಡಿ ಹೆಚ್ಚಾದರೆ ಏನು ಮಹಾ ಎನ್ನಬೇಡಿ. ವರ್ಷದ ಗೇಣಿಯೆಲ್ಲ ಅಳೆದು ಮುಗಿಯುವ ಹೊತ್ತಿಗೆ ಆ ಹಿಡಿಗಳೇ ಒಂದು ಸಂಸಾರದ ಮಳೆಗಾಲದ ಅನ್ನವಾಗುತ್ತಿದ್ದವು. ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಗೇಣಿದಾರರು, ಅವರಲ್ಲಿ ಹೆಚ್ಚಿನವರು ದೀವರು, ನ್ಯಾಯವಾದ ಅಳತೆ ಬೇಕೆಂದರು. ಒಡೆಯರು ಗದ್ದೆ ಬಿಡಿಸಿದರು. ೧೯೫೧ರ ಏಪ್ರಿಲ್ ೧೮ರಂದು ಸತ್ಯಾಗ್ರಹ ಮೊದಲಾಯಿತು. ರೈತರು ನೇಗಿಲು ಹೊತ್ತು ಅದೇ ಗದ್ದೆಗಳಿಗೆ ಇಳಿದರು, ಪೊಲೀಸರು ಹಿಡಿದೊಯ್ದರು, ಅವರ ಹಿಂದೆಯೇ ಇನ್ನೊಂದು ತಂಡ ಇಳಿಯಿತು. ಹೆಂಗಸರೂ ಹಿಂದುಳಿಯಲಿಲ್ಲ. ಜೂನಿನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧಿತರಾದ ಮೇಲಂತೂ ಈ ಸಣ್ಣ ಊರಿನ ಹೆಸರು ದಿಲ್ಲಿಯವರೆಗೂ ಹೋಯಿತು.

ಕಾನೂನಿನ ನಡಿಗೆ ಮಾತ್ರ ಎತ್ತಿನಗಾಡಿಯದು. ೧೯೬೧ರಲ್ಲಿ ಭೂಸುಧಾರಣಾ ಕಾಯಿದೆಯಾಯಿತು; ಜಾರಿಗೆ ಬರುವಾಗ ೧೯೬೫. ಅದರಲ್ಲಿಯೂ ಸಡಿಲು ಬಹಳ. ದೇವರಾಜ ಅರಸರ ಸರಕಾರದ ತಿದ್ದುಪಡಿಯು ೧೯೭೪ರ ಮಾರ್ಚ್ ೧ರಂದು ಜಾರಿಯಾದಾಗಲೇ ಹಳ್ಳಿಯ ಜಗಲಿಗಳಲ್ಲಿ ನಿಜವಾದ ಸಂಚಲನ. ಗೇಣಿಯ ಜಮೀನುಗಳೆಲ್ಲ ಸರಕಾರಕ್ಕೆ ಸೇರಿದವು. ಉಳುವವನು ೭ನೇ ನಮೂನೆಯ ಅರ್ಜಿ ಹಾಕಬೇಕು; ತಾಲ್ಲೂಕಿನ ಭೂನ್ಯಾಯಮಂಡಳಿ ವಿಚಾರಿಸಿ ಅವನ ಹೆಸರಿಗೆ ಮಾಡಿಕೊಡಬೇಕು. ಮಂಡಳಿಯಲ್ಲಿ ಅಧಿಕಾರಿಯೊಡನೆ ಸಾರ್ವಜನಿಕರೂ ಇದ್ದರು. ಅವರಲ್ಲೊಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕೆಂಬ ನಿಯಮವಿತ್ತು. ನಿನ್ನೆಯವರೆಗೆ ಅಂಗಳದಲ್ಲಿ ಕೈಕಟ್ಟಿ ನಿಂತವನು ಒಡೆಯರ ಎದುರಿಗೇ ‘ಈ ಗದ್ದೆ ನಾನು ಉಳುತ್ತಿದ್ದೇನೆ’ ಎಂದು ಹೇಳಬೇಕಾಗಿ ಬಂತು. ಆ ಒಂದು ಮಾತಿಗೆ ಎಷ್ಟು ಧೈರ್ಯ ಬೇಕಾಗಿತ್ತೆಂಬುದನ್ನು ಸರಕಾರದ ಕಡತಗಳಲ್ಲಿ ಹುಡುಕಿದರೆ ಸಿಕ್ಕದು.

ಎಲ್ಲರಿಗೂ ಈ ಕಾಯಿದೆ ಸಿಹಿಯಾಗಲಿಲ್ಲ. ಸೈನಿಕರು, ನಾವಿಕರ ಹೊರತು ಬೇರಾರಿಗೂ ಜಮೀನನ್ನು ಗೇಣಿಗೆ ಕೊಡುವ ಅವಕಾಶ ಉಳಿಯಲಿಲ್ಲ. ಎರಡೆಕರೆಯ ಗೇಣಿಯನ್ನೇ ನಂಬಿದ್ದ ವಿಧವೆಯೂ ದೊಡ್ಡ ಜಮೀನ್ದಾರನೂ ಒಂದೇ ತಕ್ಕಡಿಗೆ ಬಿದ್ದರು. ಪರಿಹಾರದ ಏರ್ಪಾಡಿತ್ತೆನ್ನಿ, ಆದರೆ ಗದ್ದೆ ಕೊಡುತ್ತಿದ್ದ ಅನ್ನಕ್ಕೆ ಆ ಹಣ ಎಲ್ಲಿಯ ಸಾಟಿ!

ಕಾಗೋಡನ್ನು ನೋಡಿದವರು ಶರಾವತಿಯ ಹಿನ್ನೀರಿನ ಕಡೆಗೂ ಹೋಗಿಬರಬೇಕು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಇದೇ ಸೀಮೆಯ ಊರುಗಳು ನೀರಿನ ಪಾಲಾದವು. ನಾಡಿಗೆ ವಿದ್ಯುತ್ತು ಬಂತು. ಆ ಊರುಗಳ ಗೇಣಿದಾರರು ಅಷ್ಟು ಹೊತ್ತಿಗೆ ಎಲ್ಲೆಲ್ಲಿಯೋ ಚದುರಿಹೋಗಿದ್ದರು. ೭ನೇ ನಮೂನೆ ಬಂದದ್ದು ಹತ್ತು ವರ್ಷ ತಡವಾಗಿ. ಬೇಸಿಗೆಯಲ್ಲಿ ನೀರು ಇಳಿದಾಗ ಒಣಗಿದ ಮರದ ಬೊಡ್ಡೆಗಳು ಸಾಲುಸಾಲಾಗಿ ಮೇಲೆದ್ದು ಕಾಣುತ್ತವೆ. ಅವುಗಳ ನಡುವಿನ ಕೆಸರಿನಲ್ಲಿ ಗದ್ದೆ ಯಾರದಾಗಿತ್ತೆಂದು ಕೇಳುವವರಿಲ್ಲ.