ತಿಳಿಯಲಿಲ್ಲವೆಂದು ತಿಳಿಯುವುದು

ಪಾಠವನ್ನು ಓದಿ ಮುಗಿಸಿ "ಅರ್ಥವಾಯಿತೇ?" ಎಂದು ಕೇಳುವುದು ನಮ್ಮ ಹಳೆಯ ರೂಢಿ. ತರಗತಿಯೆಲ್ಲ ಒಕ್ಕೊರಲಿನಿಂದ "ಆಯಿತು ಸರ್" ಎನ್ನುತ್ತಿತ್ತು. ವಿದ್ಯಾರ್ಥಿಗಳೇ, ನೀವು ಸುಳ್ಳಾಡುತ್ತಿದ್ದಿರೆಂದು ನಾವು ಹೇಳುವುದಿಲ್ಲ. ತಿಳಿಯಿತೆಂದೇ ನೀವು ನಂಬಿರುತ್ತೀರಿ. ನಾವೂ ಹಾಗೆಯೇ ನಂಬಿ ಮೋಸಹೋದವರು.

ಊರು ಬಿಟ್ಟು ಮುಂಬಯಿಗೆ ಬಂದ ಹೊಸತು. ಕನ್ನಡದಲ್ಲಿಯೇ ಮೆಟ್ರಿಕ್ ಮುಗಿಸಿದ್ದ ನಮಗೆ ಹಿಂದಿಯ ಪರಿಚಯ ಅಷ್ಟಕ್ಕಷ್ಟೇ; ಆದರೂ ನಾಗರೀ ಲಿಪಿಯನ್ನು ತಡೆಯಿಲ್ಲದೆ ಓದಬಲ್ಲೆವೆಂಬ ಹೆಮ್ಮೆ. ಪ್ರೇಮಚಂದರನ್ನು ಕುರಿತ ಹಿಂದಿ ಪಾಠವೊಂದರ ಸಾರವನ್ನು ಕನ್ನಡದಲ್ಲಿ ಬರೆಯಲು ತರಗತಿಗೆ ಹೇಳಿದೆವು. ಅವರು ಅನೇಕ 'ಉಪನ್ಯಾಸ'ಗಳನ್ನು ಬರೆದರೆಂದು ಅದರಲ್ಲಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ಉಪನ್ಯಾಸ ಕೊಡುತ್ತಾರಲ್ಲವೇ? ಬರೆದರೆಂದು ಏಕಿದೆ?" ಎಂದ.

"ಬರೆದುಕೊಂಡು ಹೋಗಿ ಓದುತ್ತಿದ್ದಿರಬೇಕು. ಇಷ್ಟೂ ತಿಳಿಯದೇನೋ? ಕುಳಿತುಕೋ" ಎಂದು ಗದರಿದೆವು. ಉಳಿದವರು ನಕ್ಕರು. ಪ್ರೇಮಚಂದರು ಉತ್ತಮ ಭಾಷಣಕಾರರೆಂದು ಬರೆದವರಿಗೆಲ್ಲ ನಾವು ಧಾರಾಳವಾಗಿ ಅಂಕ ಕೊಟ್ಟೆವು!

ಹಿಂದಿಯಲ್ಲಿ ಉಪನ್ಯಾಸವೆಂದರೆ ಕಾದಂಬರಿ. 1936ರಲ್ಲಿ ಪ್ರಕಟವಾದ 'ಗೋದಾನ' ಅಂಥ ಒಂದು ಉಪನ್ಯಾಸ. ಸಂಜೆ ಹಿಂದಿಯ ಅಧ್ಯಾಪಕರು ಇದನ್ನು ತಿಳಿಸಿದಾಗ ನಮಗಾದ ನಾಚಿಕೆ ಅಷ್ಟಿಷ್ಟಲ್ಲ. ಅರಿಯದ ಶಬ್ದ ಬಂದರೆ ನಾವಾಗಿಯೇ ನಿಲ್ಲುತ್ತೇವೆ. ಪರಿಚಿತ ಮುಖದ ಶಬ್ದವೋ ನಮ್ಮನ್ನು ನಿಲ್ಲಗೊಡದು. ಆ ಹುಡುಗ ಮಾತ್ರ ನಿಂತಿದ್ದ.

ಮರುದಿನ ತರಗತಿಯ ಮುಂದೆ ತಪ್ಪೊಪ್ಪಿಕೊಂಡು ಅವನ ವಹಿಯನ್ನು ಮತ್ತೆ ತೆರೆದೆವು. ಅವನೂ ಭಾಷಣಕಾರರೆಂದೇ ಬರೆದಿದ್ದ. ಅಂಚಿನಲ್ಲಿ ಹಾಕಿಕೊಂಡಿದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ರಬ್ಬರಿನಿಂದ ಉಜ್ಜಿದ್ದ. ಅದರ ಮೇಲೆಯೇ ಕೆಂಪು ಶಾಯಿಯಲ್ಲಿ ಆ ಚಿಹ್ನೆಯನ್ನು ತಿದ್ದಿ ಪೂರ್ಣ ಅಂಕ ಕೊಟ್ಟೆವು. ಆದರೆ ಆ ವರ್ಷವೆಲ್ಲ ಅವನು ಮತ್ತೆ ಎದ್ದು ಕೇಳಲಿಲ್ಲ.

ಅಮೆರಿಕೆಯ ಮನಶ್ಶಾಸ್ತ್ರಜ್ಞೆ ಎಲೆನ್ ಮಾರ್ಕ್‌ಮನ್ 1979ರಲ್ಲಿ ಪ್ರಕಟಿಸಿದ ಪ್ರಯೋಗಗಳ ವಿಷಯವನ್ನು ನಾವು ಬಹಳ ತಡವಾಗಿ ಓದಿದೆವು. ಆಕೆ ಮಕ್ಕಳ ಮುಂದಿಟ್ಟ ಪುಟ್ಟ ಪ್ರಬಂಧವೊಂದರಲ್ಲಿ, ಕಡಲ ತಳದಲ್ಲಿ ಬೆಳಕೇ ಇಲ್ಲವೆಂದು ಹೇಳಿ, ಅಲ್ಲಿಯ ಮೀನುಗಳು ಆಹಾರವನ್ನು ಬಣ್ಣದಿಂದ ಗುರುತಿಸುತ್ತವೆಂದೂ ಸೇರಿಸಲಾಗಿತ್ತು. ಕತ್ತಲಲ್ಲಿ ಬಣ್ಣವೆಲ್ಲಿಯದು? ಪ್ರಾಥಮಿಕ ಶಾಲೆಯ ಅನೇಕ ಮಕ್ಕಳಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ತನಗೆ ಎಷ್ಟು ತಿಳಿಯಿತೆಂದು ತಾನೇ ನೋಡಿಕೊಳ್ಳುವ ಬುದ್ಧಿಗೆ ಪಂಡಿತರು 'ಮೆಟಾಕಾಗ್ನಿಶನ್' ಎನ್ನುತ್ತಾರೆ. ಹೆಸರು ದೊಡ್ಡದು, ನಮ್ಮ ಹುಡುಗ ಹೆಸರನ್ನರಿಯದೆಯೇ ಆ ಕೆಲಸ ಮಾಡಿದ್ದ.

ಈಗ ನಾವು ಓದುವಾಗ ಒಂದೊಂದು ಪರಿಚ್ಛೇದಕ್ಕೂ ಪುಸ್ತಕವನ್ನು ಮುಚ್ಚಿ, ಓದಿದ್ದನ್ನು ನಮ್ಮ ಮಾತಿನಲ್ಲಿ ಹೇಳಿಕೊಳ್ಳುತ್ತೇವೆ. ಎಲ್ಲಿ ತೊದಲುವೆವೋ ಅಲ್ಲಿಗೆ ಹಿಂದಿರುಗುತ್ತೇವೆ. ತರಗತಿಯಲ್ಲಿಯೂ "ಅರ್ಥವಾಯಿತೇ?" ಎಂಬುದನ್ನು ಬಿಟ್ಟು "ಎಲ್ಲಿ ತೊಡಕಾಯಿತು?" ಎಂದು ಕೇಳುತ್ತೇವೆ. ಕೈಯೆತ್ತುವವರು ಇನ್ನೂ ಕಡಿಮೆ.