ಚಾಲೈ: ದಾರಿ ಎಂಬ ಹೆಸರಿನ ಪೇಟೆ

ತಿರುವನಂತಪುರಕ್ಕೆ ಬಂದ ನಮ್ಮವರು ಪದ್ಮನಾಭಸ್ವಾಮಿಯ ದರ್ಶನ ಮಾಡುತ್ತಾರೆ, ಕೋವಳಂನಲ್ಲಿ ಕಾಲು ಒದ್ದೆ ಮಾಡಿಕೊಳ್ಳುತ್ತಾರೆ, ಹೊತ್ತಿದ್ದರೆ ಕನ್ಯಾಕುಮಾರಿಗೂ ಹೋಗಿಬರುತ್ತಾರೆ. ಚಾಲೈಗೆ ಮಾತ್ರ ಯಾರೂ ಹೋಗುವುದಿಲ್ಲ. ದೇವಸ್ಥಾನದ ಎದುರಿನ ಕಿಳಕ್ಕೇಕೋಟೆಯ ಬಸ್ಸುಗಳ ಗಲಾಟೆ ದಾಟಿ ಪೂರ್ವಕ್ಕೆ ಹತ್ತು ಹೆಜ್ಜೆ ಇಟ್ಟರೆ ಸಾಕು, ಒಣಮೆಣಸು, ಇಂಗು, ಬೆಲ್ಲ, ಮಲ್ಲಿಗೆ, ಕೊಳೆತ ಎಲೆಕೋಸು ಎಲ್ಲ ಸೇರಿದ ಒಂದು ವಾಸನೆ ಮೂಗಿಗೆ ಬಡಿಯುತ್ತದೆ. ಅಲ್ಲಿಂದ ಕಿಳ್ಳಿಪಾಲದವರೆಗೆ ಹೋಗುವ ಇಕ್ಕಟ್ಟಾದ ಬೀದಿ, ಅದರಿಂದ ಒಡೆದ ಗಲ್ಲಿಗಳು, ಗಲ್ಲಿಯಿಂದ ಮತ್ತೆ ಗಲ್ಲಿ. ಇಷ್ಟೂ ಸೇರಿ ಚಾಲೈ.

ಆರ್ಯಶಾಲದ ಹಿಂಬದಿಯ ಒಂದು ಮಹಡಿ ಮನೆಯಲ್ಲಿ ನಾನು 2018ರಿಂದ ಬಾಡಿಗೆಗೆ ಇದ್ದೇನೆ. ಅದಕ್ಕೆ ಮೊದಲು ಎರಡು ವರ್ಷ ಕೊಚ್ಚಿಯ ಇನ್ಫೋಪಾರ್ಕಿನಲ್ಲಿದ್ದೆ. ಇಲ್ಲಿನ ಕೆಲಸ ಕಳಕ್ಕೂಟ್ಟಂನ ಟೆಕ್ನೋಪಾರ್ಕಿನಲ್ಲಿ. ಆಫೀಸಿನವರೆಲ್ಲ ಅಲ್ಲೇ ಹತ್ತಿರದ ಫ್ಲ್ಯಾಟುಗಳಲ್ಲಿರುವಾಗ ನಾನೊಬ್ಬ ಪೇಟೆಯೊಳಗೆ ಮನೆ ಹಿಡಿದದ್ದಕ್ಕೆ ಕಾರಣ ಕೇಳಿದರೆ, ಮಂಜೇಶ್ವರದವನಿಗೆ ನಾಲ್ಕು ಭಾಷೆ ಒಟ್ಟಿಗೆ ಕಿವಿಗೆ ಬೀಳದಿದ್ದರೆ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದೆ. ತಮಾಷೆಗೆ ಹೇಳಿದರೂ ಅದು ಪೂರ್ತಿ ಸುಳ್ಳಲ್ಲ. ಚಾಲೈಯಲ್ಲಿ ತಮಿಳು, ಮಲಯಾಳ, ಹಿಂದಿ, ಬಂಗಾಳಿ ಎಲ್ಲ ಉಂಟು.

ಸಾಲೈ ಎಂದರೆ ತಮಿಳಿನಲ್ಲಿ ದಾರಿ. ಅಕ್ಕಪಕ್ಕದ ವಲಿಯಶಾಲ, ಆರ್ಯಶಾಲ ಎಂಬ ಹೆಸರುಗಳನ್ನು ನೋಡಿ, ಚೋಳರ ಶಾಸನಗಳಲ್ಲಿ ಬರುವ ಕಾಂದಳ್ಳೂರು ಶಾಲೈಗೂ ಈ ಜಾಗಕ್ಕೂ ನಂಟು ಹಾಕಿದವರೂ ಇದ್ದಾರೆ. ಪಂಡಿತರು ಅದನ್ನು ಬಗೆಹರಿಸಲಿ, ನನಗೆ ‘ದಾರಿ’ಯೇ ಇಷ್ಟ. ಈ ಪೇಟೆಯನ್ನು ಕಟ್ಟಿದವನು ಹದಿನೆಂಟನೆಯ ಶತಮಾನದ ಕೊನೆಗೆ ತಿರುವಿತಾಂಕೂರಿನ ದಿವಾನನಾಗಿದ್ದ ರಾಜಾ ಕೇಶವದಾಸ. ಆಲಪ್ಪುಳದ ಬಂದರನ್ನು ಬೆಳೆಸಿದವನೂ ಇವನೇ. ಹುಡುಗನಾಗಿದ್ದಾಗ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದನಂತೆ. ರಾಜಧಾನಿಗೆ ಬೇಕಾದ ಅಕ್ಕಿ ನಾಂಜಿನಾಡಿನಿಂದ, ಅಂದರೆ ಈಗಿನ ನಾಗರಕೋವಿಲ್ ಸೀಮೆಯಿಂದ, ಇದೇ ದಾರಿಯಲ್ಲಿ ಬರುತ್ತಿತ್ತು. ದಾರಿಯ ಪಕ್ಕದಲ್ಲಿ ಅಂಗಡಿಗಳು ಹುಟ್ಟಿಕೊಂಡದ್ದಲ್ಲ ಇಲ್ಲಿ, ದಾರಿಯೇ ಅಂಗಡಿಯಾದದ್ದು.

ನಾಂಜಿನಾಡು ಈಗ ತಮಿಳುನಾಡಿನಲ್ಲಿದೆ. 1956ರ ನವೆಂಬರ್ 1ರಂದು ತಿರುವಿತಾಂಕೂರಿನ ದಕ್ಷಿಣದ ತಾಲೂಕುಗಳು ಮದ್ರಾಸಿಗೆ ಹೋದವು. ಅದೇ ದಿನ, ಅದೇ ಕಾನೂನಿನಿಂದ, ನಮ್ಮ ಕಾಸರಗೋಡು ದಕ್ಷಿಣ ಕನ್ನಡದಿಂದ ಕಳಚಿಕೊಂಡು ಕೇರಳಕ್ಕೆ ಸೇರಿತು. ಒಂದು ತುದಿಯಲ್ಲಿ ಕತ್ತರಿಸಿ ಇನ್ನೊಂದು ತುದಿಯಲ್ಲಿ ಹೊಲಿದ ಬಟ್ಟೆ ಈ ರಾಜ್ಯ. ಕಾಸರಗೋಡಿನವರಿಗೆ ಆ ತಾರೀಕು ಮರೆಯುವಂಥದ್ದಲ್ಲ. ನಾನು ದಿನಸಿ ಕೊಳ್ಳುವ ಅಂಗಡಿಯ ಅಣ್ಣಾಚ್ಚಿಗೂ ಅದು ನೆನಪಿದೆ ಎಂದು ಗೊತ್ತಾದದ್ದು 2020ರಲ್ಲಿ. ಅವರ ಅಜ್ಜ ತಕ್ಕಲೆಯಿಂದ ಇಲ್ಲಿಗೆ ಬಂದು ಅಂಗಡಿ ಹಾಕಿದಾಗ ದಾರಿಯಲ್ಲಿ ಗಡಿಯೇ ಇರಲಿಲ್ಲ. “ನಾವು ಎಲ್ಲಿಗೂ ಹೋಗಲಿಲ್ಲ ತಂಬಿ, ಗಡಿ ಬಂದು ನಮ್ಮ ಮೇಲೆ ಕೂತುಕೊಂಡಿತು” ಎಂದರು. ಈ ಮಾತನ್ನು ಮಂಜೇಶ್ವರದಲ್ಲಿ ಕನ್ನಡದಲ್ಲಿ ಎಷ್ಟು ಸಲ ಕೇಳಿಲ್ಲ!

ಆ ವರ್ಷ ಮಾರ್ಚ್ 9ಕ್ಕೆ ಆಟ್ಟುಕಾಲ್ ಪೊಂಗಾಲೆ. ದೇಶದ ಮೊದಲ ಕೊರೊನಾ ಪ್ರಕರಣ ಜನವರಿ 30ರಂದು ತೃಶ್ಶೂರಿನಲ್ಲಿ ಪತ್ತೆಯಾಗಿತ್ತಾದರೂ ಪೊಂಗಾಲೆ ನಿಲ್ಲಲಿಲ್ಲ. ಚಾಲೈಯ ಬೀದಿಯುದ್ದಕ್ಕೂ ಮಣ್ಣಿನ ಮಡಕೆಗಳ ರಾಶಿ, ಮೂರು ಇಟ್ಟಿಗೆಯ ಒಲೆಗಳು, ಹೊಗೆ, ಹೆಂಗಸರ ಸಾಲು. ಹದಿನೈದು ದಿನ ಕಳೆಯುವಷ್ಟರಲ್ಲಿ ಅದೇ ಬೀದಿಯಲ್ಲಿ ನಾಯಿ ಕೂಡ ಓಡಾಡದಂತಾಯಿತು. ಕೇರಳ ಸರಕಾರ ಮಾರ್ಚ್ 23ರಂದೇ ಲಾಕ್‌ಡೌನ್ ಘೋಷಿಸಿತು, 25ರಿಂದ ದೇಶವೇ ಮುಚ್ಚಿತು.

ಪೇಟೆ ಸುಮ್ಮನಾದರೆ ಏನೇನು ಕೇಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಲಾರಿಗಳ ರಿವರ್ಸ್ ಹಾರ್ನಿಗೆ ಏಳುತ್ತಿದ್ದವನು ಈಗ ಚೆಂಬೋತ್ತಿನ ಗೂಗೂ ಸದ್ದಿಗೆ ಏಳತೊಡಗಿದೆ. ಪಕ್ಕದ ಹಿತ್ತಲಿನ ಹಲಸಿನ ಮರಕ್ಕೆ ರಾತ್ರಿ ಬಾವಲಿಗಳು ಬರುತ್ತಿದ್ದವು. ಮೊದಲೂ ಬರುತ್ತಿದ್ದಿರಬೇಕು, ನನಗೆ ಗೊತ್ತಾಗುತ್ತಿರಲಿಲ್ಲ ಅಷ್ಟೆ. ಮಳೆ ಬಂದುಹೋದ ಬೆಳಿಗ್ಗೆ ತಾರಸಿಗೆ ಹತ್ತಿದರೆ ಪೂರ್ವಕ್ಕೆ ಸಹ್ಯಾದ್ರಿಯ ನೀಲಿ ಸಾಲು. ಆಗೆಲ್ಲ ಫೇಸ್‌ಬುಕ್ ತುಂಬ ‘ಪ್ರಕೃತಿ ಮೈತೊಳೆದುಕೊಳ್ಳುತ್ತಿದೆ’ ಎಂಬ ಬರಹಗಳು. ನನಗೂ ಎರಡು ದಿನ ಹಾಗೇ ಅನಿಸಿತ್ತು, ಚಾಲೈಯ ಪಾರಿವಾಳಗಳನ್ನು ನೋಡುವವರೆಗೆ. ಅಕ್ಕಿಮಂಡಿಗಳ ಮುಂದೆ ಚೆಲ್ಲಿದ ಕಾಳನ್ನೇ ನಂಬಿದ ನೂರಾರು ಪಾರಿವಾಳ. ಮೂಟೆ ಇಳಿಯದ ಮೇಲೆ ಅವು ಮುಚ್ಚಿದ ಷಟರುಗಳ ಮುಂದೆ ಸಾಲಾಗಿ ಕೂತುಕೊಳ್ಳುತ್ತಿದ್ದವು. ಬೀದಿನಾಯಿಗಳಿಗೂ ಕಾವುಗಳ ಮಂಗಗಳಿಗೂ ಅನ್ನ ಹಾಕಬೇಕೆಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಸಂಜೆಯ ಪತ್ರಿಕಾಗೋಷ್ಠಿಯಲ್ಲಿ ಹೇಳಿದಾಗ ಅದನ್ನು ಕೇಳಿ ನಕ್ಕವರಿದ್ದರು, ನಾನು ನಗಲಿಲ್ಲ. ಪೇಟೆಯ ಪ್ರಾಣಿಗಳಿಗೆ ಮನುಷ್ಯರ ಗದ್ದಲವೇ ಕಾಡು.

ಮೂಟೆ ಇಳಿಯದಿದ್ದರೆ ಹಸಿಯುವವರು ಪಾರಿವಾಳಗಳು ಮಾತ್ರವಲ್ಲವಲ್ಲ. ಕೇರಳದ ಹಮಾಲಿಗಳ ಬಗ್ಗೆ ಹೊರಗಿನವರಿಗೆ ಗೊತ್ತಿರುವುದು ಒಂದೇ, ನೋಕ್ಕುಕೂಲಿ. ಅಂದರೆ ಹೊರದೆ, ಬರೀ ನೋಡಿದ್ದಕ್ಕೆ ವಸೂಲಿ ಮಾಡುವ ಕೂಲಿ. ಸರಕಾರ 2018ರ ಮೇ 1ರಂದು ಅದನ್ನು ನಿಷೇಧಿಸಿತು. ಮನೆ ಬದಲಾಯಿಸುವಾಗ ನನಗೂ ಅದರ ಬಿಸಿ ತಾಗಿದೆ, ಸಮರ್ಥಿಸುವುದಿಲ್ಲ. ಆದರೆ ಆ ಏಪ್ರಿಲಿನಲ್ಲಿ ನೀಲಿ ಅಂಗಿಯ ಚುಮಟ್ಟು ಕಾರ್ಮಿಕರು ತಲೆಗೆ ಸುತ್ತುವ ಬಟ್ಟೆಯನ್ನು ಮುಖಕ್ಕೆ ಕಟ್ಟಿಕೊಂಡು, ಬಂದ ಒಂದೆರಡು ಲಾರಿಗಳನ್ನು ಪಾಳಿ ಹಾಕಿ ಹಂಚಿಕೊಂಡದ್ದನ್ನೂ ನೋಡಿದ್ದೇನೆ. ಇಪ್ಪತ್ತು ಜನರ ಕೆಲಸವನ್ನು ಐವತ್ತು ಜನ ಹಂಚಿಕೊಂಡರೆ ಒಬ್ಬೊಬ್ಬರಿಗೆ ಉಳಿಯುವುದೆಷ್ಟು? ಆಫೀಸಿನ ಜೂಮ್ ಮೀಟಿಂಗಿನಲ್ಲಿ ನಾವು ‘ಪ್ರೊಡಕ್ಟಿವಿಟಿ’ಯ ಚರ್ಚೆಯಲ್ಲಿದ್ದೆವು. ಕಿಟಕಿಯ ಕೆಳಗೆ ಸಂಘಟನೆ ಎಂದರೇನು ಎಂಬ ಪಾಠ ನಡೆಯುತ್ತಿತ್ತು. ಐಟಿಯವರಾದ ನಮಗೆ ಆ ವರ್ಷ ಸಂಬಳ ಕಡಿತದ ಈಮೇಲ್ ಬಂದಾಗ ಹಂಚಿಕೊಳ್ಳುವ ಮಾತನ್ನು ಯಾರೂ ಎತ್ತಲಿಲ್ಲ.

ಬಂಗಾಳ, ಒಡಿಶಾ, ಜಾರ್ಖಂಡಿನಿಂದ ಬಂದ ಹುಡುಗರ ಕಥೆ ಬೇರೆ. ಇಲ್ಲಿನ ಸರಕಾರಿ ಭಾಷೆಯಲ್ಲಿ ಅವರು ‘ಅತಿಥಿ ಕಾರ್ಮಿಕರು’. ಒಳ್ಳೆಯ ಮಾತು. ಕುಟುಂಬಶ್ರೀಯ ಹೆಂಗಸರು ನಡೆಸಿದ ಸಮುದಾಯ ಅಡುಗೆಮನೆಗಳಿಂದ ಊಟವೂ ಸಿಕ್ಕಿತು. ಆದರೂ ಮಾರ್ಚ್ 29ರಂದು ಕೋಟ್ಟಯಂ ಜಿಲ್ಲೆಯ ಪಾಯಿಪ್ಪಾಡಿನಲ್ಲಿ ಸಾವಿರಾರು ಅತಿಥಿಗಳು ಊರಿಗೆ ಕಳಿಸಿ ಎಂದು ರಸ್ತೆಗಿಳಿದರು. ನಮ್ಮ ಗಲ್ಲಿಯ ಈರುಳ್ಳಿ ಮಂಡಿಯ ಮೇಲಿನ ಕೋಣೆಯಲ್ಲಿ ಒಂಬತ್ತು ಹುಡುಗರಿದ್ದರು. ಒಂದು ಬಾಗಿಲು, ಒಂದು ನಲ್ಲಿ. ಮನೆಯಲ್ಲೇ ಇರಿ ಎಂದು ಮೈಕಿನಲ್ಲಿ ಕೂಗಿಕೊಂಡು ಪೊಲೀಸ್ ಜೀಪು ಹೋದಾಗ ಅವರು ಮೆಟ್ಟಿಲಿನ ಮೇಲೆ ಕೂತಿರುತ್ತಿದ್ದರು. ಮನೆಯೊಳಗೆ ಕೂರಲು ಜಾಗವಿರಲಿಲ್ಲ. ಮೇ 2ರಂದು ತಿರುವನಂತಪುರದಿಂದ ಜಾರ್ಖಂಡಿನ ಹಟಿಯಾಗೆ ವಿಶೇಷ ರೈಲು ಹೊರಟಾಗ ಅವರಲ್ಲಿ ನಾಲ್ವರು ಹೋದರು. ಉಳಿದ ಐವರ ಊರಿಗೆ ಇನ್ನೂ ರೈಲಿರಲಿಲ್ಲ.

ಇದೇ ಹೊತ್ತಿನಲ್ಲಿ ನನ್ನ ಮನಸ್ಸು ಆರುನೂರು ಕಿಲೋಮೀಟರ್ ಉತ್ತರಕ್ಕಿತ್ತು. ತಲಪಾಡಿಯಲ್ಲಿ ಕರ್ನಾಟಕ ರಸ್ತೆ ಮುಚ್ಚಿತ್ತು. ಒಳದಾರಿಗಳಿಗೆ ಮಣ್ಣು ಸುರಿದಾಗಿತ್ತು. ಮಂಜೇಶ್ವರದವರಿಗೆ ಆಸ್ಪತ್ರೆ ಎಂದರೆ ಮಂಗಳೂರು. ಕಾಸರಗೋಡು ಪಟ್ಟಣವೇ ನಮಗೆ ಅದಕ್ಕಿಂತ ದೂರ. ದಾರಿ ಸಿಗದೆ ರೋಗಿಗಳು ಸತ್ತ ಸುದ್ದಿ ಒಂದರ ಹಿಂದೆ ಒಂದು ಬಂತು. ಉತ್ತರ ಭಾರತದಿಂದ ಕೆಲಸಕ್ಕೆ ಬಂದ ಕುಟುಂಬದ ಹೆಣ್ಣುಮಗಳು ಆಂಬುಲೆನ್ಸಿನಲ್ಲೇ ಹೆತ್ತಳು. ಏಪ್ರಿಲ್ 1ರಂದು ಕೇರಳ ಹೈಕೋರ್ಟು, ರಸ್ತೆ ತಡೆಯುವುದು ಸಂವಿಧಾನದ 19 ಮತ್ತು 21ನೇ ವಿಧಿಗಳ ಉಲ್ಲಂಘನೆ ಎಂದಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ತುರ್ತು ರೋಗಿಗಳನ್ನು ಬಿಡಲು ಎರಡು ರಾಜ್ಯಗಳು ಒಪ್ಪಿದವೆಂದು ಏಪ್ರಿಲ್ 7ರಂದು ಮುಗಿಯಿತು. ಬೆಂಗಳೂರಿನ ಕನ್ನಡದ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಆ ವಾರ ‘ಕೇರಳದವರನ್ನು ಬಿಡಬೇಡಿ’ ಎಂಬ ಮೆಸೇಜುಗಳು ಓಡಾಡಿದವು. ಗಡಿನಾಡ ಕನ್ನಡಿಗರು ಎಂದು ನವೆಂಬರಿನಲ್ಲಿ ಸನ್ಮಾನ ಮಾಡಿ ಮಾರ್ಚಿನಲ್ಲಿ ಕೇರಳದವರು ಎನ್ನುವುದಾದರೆ ಆ ಶಾಲನ್ನು ಹೊದ್ದುಕೊಳ್ಳುವುದು ಹೇಗೆ? ನಾನು ಗುಂಪಿನಲ್ಲಿ ಇದನ್ನೇ ಬರೆದೆ. ಇಬ್ಬರು ಫೋನ್ ಮಾಡಿ ಮಾತಾಡಿದರು, ಮಿಕ್ಕವರು ಹೂವಿನ ಇಮೋಜಿ ಹಾಕಿದರು.

ನಮ್ಮ ಚಿಕ್ಕಮ್ಮನಿಗೆ ಕಿಡ್ನಿ ಕಸಿಯಾಗಿ ಮೂರು ವರ್ಷವಾಗಿತ್ತು. ಜೀವಮಾನವಿಡೀ, ಒಂದು ದಿನವೂ ತಪ್ಪಿಸದೆ ನುಂಗಬೇಕಾದ ಮಾತ್ರೆಗಳು. ಊರಿನ ಮೆಡಿಕಲ್‌ನಲ್ಲಿ ಅವು ಸಿಗುವುದಿಲ್ಲ, ಮಂಗಳೂರಿನಿಂದಲೇ ತರಬೇಕು. “ಇನ್ನು ಎಂಟು ದಿನಕ್ಕೆ ಉಂಟು ಮಗಾ, ನೀನು ತಲೆಬಿಸಿ ಮಾಡ್ಬೇಡ” ಎಂದು ಫೋನಿನಲ್ಲಿ ಹೇಳಿದರು. ನಾನು ಮೆಡಿಕಲ್ ಕಾಲೇಜಿನ ಎದುರಿನ ಅಂಗಡಿಗಳಲ್ಲಿ ಹುಡುಕಿ ಮಾತ್ರೆ ಕೊಂಡೆ. ಕಳಿಸುವುದು ಹೇಗೆ? ಕೊರಿಯರ್ ಇಲ್ಲ, ಬಸ್ಸಿಲ್ಲ. ದಾರಿ ತೋರಿಸಿದ್ದು ಅಣ್ಣಾಚ್ಚಿ. ಅಗ್ನಿಶಾಮಕದವರು ಔಷಧಿ ಮುಟ್ಟಿಸುತ್ತಾರಂತೆ, ವಿಚಾರಿಸಿ ನೋಡು ಎಂದರು. ನಿಜವೇ. ಆಗ ಕೇರಳದ ಅಗ್ನಿಶಾಮಕ ಠಾಣೆಗಳು ಒಂದರಿಂದ ಒಂದಕ್ಕೆ ಔಷಧಿ ದಾಟಿಸುತ್ತಿದ್ದವು. ಚೆಂಗಲ್‌ಚೂಳದ ಠಾಣೆಗೆ ನಡೆದುಕೊಂಡೇ ಹೋಗಿ, ಪೊಟ್ಟಣದ ಮೇಲೆ ಹೆಸರು, ಫೋನ್ ನಂಬರು ಬರೆದು ಕೊಟ್ಟುಬಂದೆ. ಮೂರನೆಯ ದಿನ ಉಪ್ಪಳದಿಂದ ಬಂದ ಹುಡುಗನೊಬ್ಬ ಅದನ್ನು ಚಿಕ್ಕಮ್ಮನ ಅಂಗಳದಲ್ಲಿಟ್ಟು, ದೂರ ನಿಂತು, ತುಳುವಿನಲ್ಲಿ ಕರೆದನಂತೆ. ಇಪ್ಪತ್ತು ಕಿಲೋಮೀಟರಿನ ಊರಿನಿಂದ ಬರಲಾಗದ ಮಾತ್ರೆ ಆರುನೂರು ಕಿಲೋಮೀಟರಿನಿಂದ ಬಂತು.

ಜುಲೈ 6ರಿಂದ ತಿರುವನಂತಪುರದಲ್ಲಿ ಟ್ರಿಪಲ್ ಲಾಕ್‌ಡೌನ್. ಸೋಂಕು ಹೆಚ್ಚಿದ್ದು ಪೂಂದುರದಲ್ಲಿ, ಚಾಲೈಯಿಂದ ಐದು ಕಿಲೋಮೀಟರಿನೊಳಗಿನ ಮೀನುಗಾರರ ಊರು. ಅಲ್ಲಿಗೆ ಕಮಾಂಡೊಗಳನ್ನು ಇಳಿಸಲಾಯಿತು. 2018ರ ಪ್ರವಾಹದಲ್ಲಿ ದೋಣಿಗಳನ್ನು ಲಾರಿಗೆ ಹೇರಿಕೊಂಡು ಹೋಗಿ ಜನರನ್ನು ಎತ್ತಿದ ಕರಾವಳಿಯವರನ್ನು ‘ಕೇರಳದ ಸೈನ್ಯ’ ಎಂದು ಹೊಗಳಿ ಎರಡು ವರ್ಷವೂ ಆಗಿರಲಿಲ್ಲ. ಚಾಲೈಗೆ ಬುಟ್ಟಿ ಹೊತ್ತು ಬರುತ್ತಿದ್ದ ಮೀನು ಮಾರುವ ಅಮ್ಮಂದಿರನ್ನು ಕಂಡರೆ ಜನ ರಸ್ತೆಯ ಆಚೆ ಬದಿಗೆ ಹೋಗತೊಡಗಿದರು. ಜುಲೈ 10ರಂದು ಪೂಂದುರದವರು ಬೀದಿಗಿಳಿದು ಪ್ರತಿಭಟಿಸಿದರು, ಆರೋಗ್ಯ ಕಾರ್ಯಕರ್ತರನ್ನು ಸುತ್ತುವರಿದರು. ಅದು ಟೀವಿಯಲ್ಲಿ ದಿನವಿಡೀ ಬಂತು. ಎರಡು ದಿನ ಬಿಟ್ಟು ಅದೇ ಜನ ಅದೇ ಕಾರ್ಯಕರ್ತರ ಮೇಲೆ ಹೂವೆರಚಿ ಸ್ವಾಗತಿಸಿದ್ದು ಅಷ್ಟು ಹೊತ್ತು ಬರಲಿಲ್ಲ.

ಆ ಕರಾವಳಿಯ ಮನೆಗಳನ್ನು ಕಂಡವರಿಗೆ ಸೋಂಕು ಹರಡಿದ್ದರಲ್ಲಿ ಆಶ್ಚರ್ಯವಿಲ್ಲ. ವಲಿಯತುರದಲ್ಲಿ ಕಡಲು ಮನೆ ನುಂಗಿದ ಕುಟುಂಬಗಳು ಹಳೆಯ ಸಿಮೆಂಟ್ ಗೋದಾಮಿನಲ್ಲಿ ಸೀರೆ, ಹಲಗೆಗಳ ಅಡ್ಡ ಕಟ್ಟಿಕೊಂಡು ವರ್ಷಗಟ್ಟಲೆ ಬದುಕಿವೆ. ಅಲ್ಲಿ ಆರು ಅಡಿ ಅಂತರ ಕಾಯುವುದು ಎಲ್ಲಿ? ಕೊಚ್ಚಿಯ ಗೆಳೆಯ ಅದೇ ತಿಂಗಳು ಚೆಲ್ಲಾನದ ಸುದ್ದಿ ಹೇಳಿದ. ಅಲ್ಲಿಯೂ ಮನೆಯಿಂದ ಹೊರಬರಬಾರದೆಂಬ ಆಜ್ಞೆ, ಆದರೆ ಕಡಲು ಮನೆಯೊಳಗೇ ಬಂದಿತ್ತು. ಮೊಣಕಾಲು ನೀರಿನಲ್ಲಿ ನಿಂತವರಿಗೆ ಎಲ್ಲಿ ಹೋಗಬೇಕೆಂದು ಯಾರೂ ಹೇಳಲಿಲ್ಲ. ಮೈತೊಳೆದುಕೊಂಡ ಪ್ರಕೃತಿಯ ಬರಹಗಳು ಆಗ ನೆನಪಾದವು.

ಚಾಲೈಯಿಂದ ದಕ್ಷಿಣಕ್ಕೆ ವೆಂಗಾನೂರು ಹೆಚ್ಚು ದೂರವಿಲ್ಲ. ಅಲ್ಲಿ ಹುಟ್ಟಿದ ಅಯ್ಯಂಕಾಳಿ 1893ರಲ್ಲಿ ಎತ್ತಿನ ಗಾಡಿ ಕೊಂಡು, ತನ್ನ ಜಾತಿಯವರು ನಡೆಯಬಾರದ ಸಾರ್ವಜನಿಕ ರಸ್ತೆಯಲ್ಲಿ ಅದನ್ನು ಓಡಿಸಿದರು. ಮುಂದೆ ಬಲರಾಮಪುರದ ಬೀದಿಯಲ್ಲಿ ಹೊಡೆದಾಟವೇ ಆಯಿತು. ಕೇಳಿದ್ದು ಇಷ್ಟೇ, ದಾರಿಯಲ್ಲಿ ನಡೆಯುವ ಹಕ್ಕು. ದೇವಸ್ಥಾನದ ಬಾಗಿಲು ತೆರೆಯಲು 1936ರ ನವೆಂಬರ್ 12 ಬರಬೇಕಾಯಿತು. ಯಾರು ಯಾರನ್ನು ಕಂಡರೆ ಎಷ್ಟು ಅಡಿ ದೂರ ಸರಿಯಬೇಕು ಎಂದು ಲೆಕ್ಕ ಹಾಕಿದ್ದ ಊರಿನಲ್ಲಿ ‘ಸಾಮಾಜಿಕ ಅಂತರ’ ಎಂಬ ಪದವನ್ನು ಎಲ್ಲರೂ ಒಂದೇ ಕಿವಿಯಿಂದ ಕೇಳಿರಲಿಕ್ಕಿಲ್ಲ. ಇಲ್ಲಿ ಕೆಲವರು ‘ದೈಹಿಕ ಅಂತರ’ ಎನ್ನಿ ಎಂದು ಪಟ್ಟುಹಿಡಿದಾಗ ಪದದ ಜಗಳ ಯಾಕೆ ಎಂದವರಿದ್ದರು. ನನಗೆ ಆ ಜಗಳ ಸರಿಯೆನಿಸಿತು.

ಚಾಲೈ ಈಗ ಮೊದಲಿನಂತೆಯೇ. ಬೆಳಿಗ್ಗೆ ನಾಲ್ಕಕ್ಕೆ ಲಾರಿ, ಐದಕ್ಕೆ ಜಗಳ. ಈರುಳ್ಳಿ ಮಂಡಿಯ ಮೇಲೆ ಈಗ ಹನ್ನೊಂದು ಹುಡುಗರಿದ್ದಾರೆ, ನಲ್ಲಿ ಒಂದೇ. ಕೊರೊನಾ ಕಾಲದಲ್ಲಿ ಸರಕಾರ ಕೊಟ್ಟ ಪುಕ್ಕಟೆ ಕಿಟ್‌ನಿಂದ ತನ್ನ ವ್ಯಾಪಾರ ಹಾಳಾಯಿತೆಂದು ಅಣ್ಣಾಚ್ಚಿ ಈಗಲೂ ಬೈಯುತ್ತಾರೆ. ಆ ಕಿಟ್ ತೆಗೆದುಕೊಳ್ಳಲು ಸಾಲಿನಲ್ಲಿ ತಾವೂ ನಿಂತಿದ್ದರು, ಅದನ್ನು ನೆನಪಿಸಿದರೆ ತಕ್ಕಡಿಯತ್ತ ತಿರುಗುತ್ತಾರೆ. ಚಿಕ್ಕಮ್ಮ ಮತ್ತೆ ಮಂಗಳೂರಿನಿಂದಲೇ ಮಾತ್ರೆ ತರಿಸುತ್ತಾರೆ. 2021ರ ಆಗಸ್ಟಿನಲ್ಲಿ ಲಸಿಕೆ ಹಾಕಿಸಿಕೊಂಡವರಿಗೂ ತಲಪಾಡಿಯಲ್ಲಿ ಆರ್‌ಟಿಪಿಸಿಆರ್ ವರದಿ ಕೇಳಿದ ಮೇಲೆ ಮಾತ್ರ ಅವರು ಒಂದು ಪಾಠ ಕಲಿತಿದ್ದಾರೆ. ಗೋದ್ರೆಜ್ ಕಪಾಟಿನಲ್ಲಿ, ಸೀರೆಗಳ ಕೆಳಗೆ, ಎರಡು ತಿಂಗಳಿಗಾಗುವಷ್ಟು ಮಾತ್ರೆ ಯಾವಾಗಲೂ ಇರುತ್ತದೆ. ಕಳೆದ ಸಲ ಊರಿಗೆ ಹೋದಾಗ ತೆಗೆದು ತೋರಿಸಿದರು. ಹಳೆಯವನ್ನು ಮುಂದಿಟ್ಟು ಹೊಸವನ್ನು ಹಿಂದಿಟ್ಟಿದ್ದರು, ಅಂಗಡಿಯವರ ಹಾಗೆ.